ಹಾಳೆ ತೆಳ್ಳಗಿದ್ದರೆ ಸಾಕಾ?

ಕಳೆದ ಸಂಚಿಕೆಯಲ್ಲಿ ಬಿಸಿಲಿನಿಂದ ನೀರನ್ನು ಒಡೆದು ಹೈಡ್ರೋಜನ್ ತೆಗೆಯುವ ಬಗ್ಗೆ ಬರೆದಿದ್ದೆ. ಅದರಲ್ಲಿ ಬಂದ ‘ಎರಡು ಆಯಾಮದ ಕೋ-ಕೆಟಲಿಸ್ಟ್’ ಎಂಬ ಮಾತಿನ ಮೇಲೇ ಜಾಸ್ತಿ ಪತ್ರಗಳು ಬಂದಿವೆ. ಕೆಟಲಿಸ್ಟ್ ಎಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುವ ವಸ್ತು. ಕೋ-ಕೆಟಲಿಸ್ಟ್ ಅದರ ಜೊತೆಗಾರ. ಅದು ಕೆಲವೇ ಪರಮಾಣು ದಪ್ಪದ ಹಾಳೆಯಾಗಿದ್ದರೆ ‘ಎರಡು ಆಯಾಮ’ದ್ದು ಎನ್ನುತ್ತಾರೆ. ಈ ಸಲ ಆ ಪತ್ರಗಳಿಗೇ ಉತ್ತರ. ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ. ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಅಲ್ಲಲ್ಲಿ ಗದರಿದಂತೆ ಕಂಡರೆ ಹಳೇ ಅಭ್ಯಾಸ ಎಂದು ಬಿಟ್ಟುಬಿಡಿ.

ಟೈಟಾನಿಯಂ ಡೈಆಕ್ಸೈಡ್ ಒಂದು ಫೋಟೋಕೆಟಲಿಸ್ಟ್ ಎಂದು ನಮ್ಮ ಪಠ್ಯದಲ್ಲಿದೆ. ಬೆಳಕು ಬಿದ್ದರೆ ಅದೇ ಕೆಲಸ ಮಾಡುತ್ತದಲ್ಲ. ಜೊತೆಗೆ ಇನ್ನೊಂದು ಕೆಟಲಿಸ್ಟ್ ಯಾಕೆ?
— ಬಿಎಸ್ಸಿ ವಿದ್ಯಾರ್ಥಿನಿ, ದಾವಣಗೆರೆ

ಬೆಳಕು ಹೀರುವುದು ಒಂದು ಕೆಲಸ. ಮೈಮೇಲೆ ರಾಸಾಯನಿಕ ಕ್ರಿಯೆ ನಡೆಸುವುದು ಬೇರೆ ಕೆಲಸ. ಎರಡನ್ನೂ ಚೆನ್ನಾಗಿ ಮಾಡುವ ವಸ್ತು ಅಪರೂಪ.

ಟೈಟಾನಿಯಂ ಡೈಆಕ್ಸೈಡ್ ಕಣದ ಮೇಲೆ ನೇರಳಾತೀತ ಬೆಳಕು ಬಿದ್ದಾಗ ಒಂದು ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಜಿಗಿಯುತ್ತದೆ. ಅದು ಬಿಟ್ಟ ಜಾಗ ಖಾಲಿಯಾಗುತ್ತದೆ. ಆ ಖಾಲಿ ಜಾಗಕ್ಕೆ ರಂಧ್ರ ಎನ್ನುತ್ತೇವೆ. ಎಲೆಕ್ಟ್ರಾನ್ ಕಣದ ಹೊರಮೈಗೆ ಬಂದು ಹೈಡ್ರೋಜನ್ ಅಯಾನಿಗೆ ಸಿಕ್ಕರೆ ಹೈಡ್ರೋಜನ್ ಅನಿಲ ಹುಟ್ಟುತ್ತದೆ. ರಂಧ್ರ ಹೊರಮೈಗೆ ಬಂದು ನೀರಿನಿಂದ ಎಲೆಕ್ಟ್ರಾನ್ ಕಿತ್ತುಕೊಂಡರೆ ಆಕ್ಸಿಜನ್ ಬರುತ್ತದೆ. ತೊಂದರೆ ಏನೆಂದರೆ, ಈ ಎಲೆಕ್ಟ್ರಾನ್ ಮತ್ತು ರಂಧ್ರ ಒಂದನ್ನೊಂದು ಸೆಳೆಯುತ್ತವೆ. ಹೆಚ್ಚಿನ ಜೋಡಿಗಳು ಕಣದೊಳಗೇ ಮತ್ತೆ ಕೂಡಿಬಿಡುತ್ತವೆ. ಹೀರಿದ ಬೆಳಕು ಸುಮ್ನೆ ಬಿಸಿಯಾಗಿ ಹೋಗುತ್ತದೆ. ಹಾಗೆ ಕೂಡಲು ನ್ಯಾನೋಸೆಕೆಂಡಿನಿಂದ ಮೈಕ್ರೋಸೆಕೆಂಡು ಸಾಕು. ಹೊರಮೈಯ ಕ್ರಿಯೆಗೋ ಮಿಲಿಸೆಕೆಂಡುಗಳೇ ಬೇಕು. ಈ ಓಟದಲ್ಲಿ ಯಾರು ಗೆಲ್ಲುತ್ತಾರೆ ಎಂದು ಬೇರೆ ಹೇಳಬೇಕಾಗಿಲ್ಲ.

ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಮೂಟೆ ಒಳಗಿದೆ, ಜನ ಹೊರಗೆ ಸಾಲು ನಿಂತಿದ್ದಾರೆ, ತೂಕ ಹಾಕಿ ಕೊಡುವವರು ಮಾತ್ರ ಇಲ್ಲ ಎಂದುಕೊಳ್ಳಿ. ಅಕ್ಕಿ ಒಳಗೇ ಹುಳ ಹಿಡಿಯುತ್ತದೆ. ತೂಕದ ಕೌಂಟರೇ ಕೋ-ಕೆಟಲಿಸ್ಟ್. ಎಲೆಕ್ಟ್ರಾನನ್ನು ಬೇಗ ತನ್ನ ಕಡೆಗೆ ಎಳೆದುಕೊಂಡು, ಹೊರಗಿನ ಅಯಾನಿಗೆ ಸಲೀಸಾಗಿ ದಾಟಿಸುತ್ತದೆ. ಬೆಳಕು ಹೀರುವುದು ಅದರ ಕೆಲಸ ಅಲ್ಲ.

1972ರಲ್ಲಿ ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೋಂಡಾ ‘ನೇಚರ್’ ಪತ್ರಿಕೆಯಲ್ಲಿ ಬರೆದ ಪ್ರಯೋಗ ನಿಮ್ಮ ಪಠ್ಯದಲ್ಲೂ ಇರಬಹುದು. ಟೈಟಾನಿಯಂ ಡೈಆಕ್ಸೈಡ್ ಬೆಳಕಿನಲ್ಲಿ ನೀರನ್ನು ಒಡೆಯಿತು ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸುವುದು ವಾಡಿಕೆ. ಆದರೆ ಅಲ್ಲಿ ಹೈಡ್ರೋಜನ್ ಬಂದದ್ದು ಟೈಟಾನಿಯಂ ಡೈಆಕ್ಸೈಡಿನ ಮೇಲಲ್ಲ. ತಂತಿಯ ಆ ತುದಿಯಲ್ಲಿದ್ದ ಪ್ಲಾಟಿನಂ ಮೇಲೆ. ಪುಡಿಯನ್ನು ನೀರಿಗೆ ಹಾಕಿ ಮಾಡುವ ಪ್ರಯೋಗದಲ್ಲಿ ತಂತಿ ಇರುವುದಿಲ್ಲ. ಹಾಗಾಗಿ ಪ್ಲಾಟಿನಂ ಚೂರುಗಳನ್ನು ಪ್ರತಿ ಕಣದ ಮೈಗೇ ಅಂಟಿಸುತ್ತಾರೆ.

ಪ್ಲಾಟಿನಂ ಯಾಕೆ ಅಷ್ಟು ಚೆನ್ನ? ಅದು ಹೈಡ್ರೋಜನ್ ಪರಮಾಣುವನ್ನು ತೀರಾ ಬಿಗಿಯಾಗಿಯೂ ಹಿಡಿಯುವುದಿಲ್ಲ, ತೀರಾ ಸಡಿಲವಾಗಿಯೂ ಹಿಡಿಯುವುದಿಲ್ಲ. ಬಂದದ್ದು ಕೂಡುತ್ತದೆ, ಕೂಡಿದ್ದು ಬಿಟ್ಟುಹೋಗುತ್ತದೆ. ಬೆಲೆ ಮಾತ್ರ ನಿಮಗೇ ಗೊತ್ತು. ಇನ್ನೊಂದು ಕೆಟ್ಟ ಗುಣವೂ ಅದಕ್ಕಿದೆ. ಹುಟ್ಟಿದ ಹೈಡ್ರೋಜನ್ ಮತ್ತು ಆಕ್ಸಿಜನ್ ಅದರ ಮೇಲೇ ಮತ್ತೆ ಸೇರಿ ನೀರಾಗಬಲ್ಲವು. ಬದಲಿ ಹುಡುಕಾಟ ಶುರುವಾದದ್ದು ಇಲ್ಲಿಂದ. ಕಳೆದ ಸಂಚಿಕೆಯಲ್ಲಿ ಹೇಳಿದ ಮಾಲಿಬ್ಡಿನಂ ಡೈಸಲ್ಫೈಡ್ ಅಂಥದ್ದೊಂದು ಬದಲಿ.

ನೀವು ಬರೆದ ಮಾಲಿಬ್ಡಿನಂ ಡೈಸಲ್ಫೈಡ್ ನಮ್ಮ ಗ್ಯಾರೇಜಿನಲ್ಲಿರುವ ಕಪ್ಪು ಗ್ರೀಸಿನದ್ದೇನಾ? ಡಬ್ಬದ ಮೇಲೆ ಅದೇ ಹೆಸರಿದೆ.
— ಗ್ಯಾರೇಜ್ ನಡೆಸುವವರು, ಹುಬ್ಬಳ್ಳಿ

ಹೌದು ಸ್ವಾಮಿ, ಅದೇ. ಈ ಸಲ ಬಂದ ಪತ್ರಗಳಲ್ಲಿ ನನಗೆ ಅತಿ ಖುಷಿ ಕೊಟ್ಟ ಪ್ರಶ್ನೆ ಇದು.

ಅದು ಗ್ರೀಸಿನಲ್ಲಿ ಯಾಕಿದೆ ಎಂದು ಗೊತ್ತಾದರೆ ಅರ್ಧ ಕತೆ ಗೊತ್ತಾದಂತೆ. ಮಾಲಿಬ್ಡಿನಂ ಡೈಸಲ್ಫೈಡ್ ಹಾಳೆ ಹಾಳೆಯಾಗಿರುತ್ತದೆ. ಒಂದೊಂದು ಹಾಳೆಯಲ್ಲೂ ಮೂರು ಸಾಲು ಪರಮಾಣುಗಳು. ಮೇಲೆ ಗಂಧಕ, ನಡುವೆ ಮಾಲಿಬ್ಡಿನಂ, ಕೆಳಗೆ ಮತ್ತೆ ಗಂಧಕ. ದಪ್ಪ ಸುಮಾರು 0.65 ನ್ಯಾನೋಮೀಟರ್. ಹಾಳೆಯೊಳಗಿನ ಬಂಧ ಗಟ್ಟಿ. ಹಾಳೆ ಹಾಳೆಯ ನಡುವಿನ ಹಿಡಿತ ತೀರಾ ಸಡಿಲ. ಒತ್ತಡ ಬಿದ್ದರೆ ಒಂದರ ಮೇಲೊಂದು ಜಾರುತ್ತವೆ. ನಿಮ್ಮ ಬೇರಿಂಗ್ ಸವೆಯದೆ ಉಳಿಯುವುದು ಅದರಿಂದಲೇ.

ಹಾಳೆಯ ಮುಖ ತುಂಬಿದ ಗಂಧಕದ ಪರಮಾಣುಗಳಿಗೆ ಬೇರೆ ಯಾರ ಹಂಗೂ ಇಲ್ಲ. ಬಂಧಗಳೆಲ್ಲ ಆಗಲೇ ತೀರಿವೆ. ಅದಕ್ಕೇ ಅದು ಯಾವುದರ ಜೊತೆಗೂ ಸುಲಭವಾಗಿ ಸೇರುವುದಿಲ್ಲ. ಗ್ರೀಸಿಗೆ ಇದು ಒಳ್ಳೆಯ ಗುಣ. ಹೈಡ್ರೋಜನ್ ಮಾಡಿಸಲು ಹೊರಟವರಿಗೆ ಕೆಟ್ಟ ಗುಣ. ಎಷ್ಟೋ ವರ್ಷ ಇದನ್ನು ಹೈಡ್ರೋಜನ್‌ಗೆ ಲಾಯಕ್ಕಿಲ್ಲದ ವಸ್ತು ಎಂದೇ ಎಣಿಸಿದ್ದರು.

2005ರಲ್ಲಿ ಡೆನ್ಮಾರ್ಕಿನ ಯೆನ್ಸ್ ನಾರ್ಸ್ಕೋವ್ ತಂಡ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಬೇರೆ ಮಾತು ಹೇಳಿತು. ಹಾಳೆಯ ಮುಖ ಜಡ, ನಿಜ. ಆದರೆ ಹಾಳೆಯ ಅಂಚಿನಲ್ಲಿರುವ ಗಂಧಕ ಹೈಡ್ರೋಜನನ್ನು ಹೆಚ್ಚುಕಡಿಮೆ ಪ್ಲಾಟಿನಂ ಹಿಡಿದಷ್ಟೇ ಹದವಾಗಿ ಹಿಡಿಯುತ್ತದೆ. ಗಾಳಿಯ ನೈಟ್ರೋಜನ್ನನ್ನು ಅಮೋನಿಯ ಮಾಡುವ ಬ್ಯಾಕ್ಟೀರಿಯಾಗಳ ಕಿಣ್ವದಲ್ಲೂ ಕಬ್ಬಿಣ, ಮಾಲಿಬ್ಡಿನಂ, ಗಂಧಕದ ಗೂಡೇ ಇದೆ. ಅವರಿಗೆ ಸುಳಿವು ಸಿಕ್ಕಿದ್ದು ಅಂಥ ಕಿಣ್ವಗಳಿಂದ. 2007ರಲ್ಲಿ ಥಾಮಸ್ ಹರಮಿಯೊ ಮತ್ತು ಜೊತೆಗಾರರು ಚಿನ್ನದ ಮೇಲೆ ಪುಟ್ಟ ಪುಟ್ಟ ಹಾಳೆ ಬೆಳೆಸಿ ಪರೀಕ್ಷೆ ಮಾಡಿದರು. ಹೈಡ್ರೋಜನ್ ಹುಟ್ಟುವ ವೇಗ ಹಾಳೆಯ ವಿಸ್ತೀರ್ಣಕ್ಕೆ ತಕ್ಕಂತೆ ಏರಲಿಲ್ಲ. ಅಂಚಿನ ಉದ್ದಕ್ಕೆ ತಕ್ಕಂತೆ ಏರಿತು.

ಮರುವರ್ಷ, 2008ರಲ್ಲಿ, ಚೀನಾದ ದಾಲಿಯನ್ನಿನಲ್ಲಿ ಲೀ ಚಾನ್ ತಂಡ ಇದನ್ನು ಬೆಳಕಿನ ಪ್ರಯೋಗಕ್ಕೆ ತಂದಿತು. ಬೆಳಕು ಹೀರುವ ಹಳದಿ ಕ್ಯಾಡ್ಮಿಯಂ ಸಲ್ಫೈಡ್ ಪುಡಿಗೆ ತೂಕದಲ್ಲಿ ಬರೀ 0.2 ಶೇಕಡಾ ಮಾಲಿಬ್ಡಿನಂ ಡೈಸಲ್ಫೈಡ್ ಕೂಡಿಸಿದರು. ಹೈಡ್ರೋಜನ್ 36 ಪಟ್ಟಿನವರೆಗೆ ಏರಿತು. ಅದೇ ಪರಿಸ್ಥಿತಿಯಲ್ಲಿ ಪ್ಲಾಟಿನಂ ಹಾಕಿದ್ದಕ್ಕಿಂತಲೂ ಜಾಸ್ತಿ. ನೀರಿನಲ್ಲಿ ಲ್ಯಾಕ್ಟಿಕ್ ಆಸಿಡ್ ಇತ್ತು ಎಂಬುದನ್ನು ಮರೆಯಬೇಡಿ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ನಿಮ್ಮ ಡಬ್ಬದ ಗ್ರೀಸ್ ತಂದು ನೀರಿಗೆ ಹಾಕಿದರೆ ಆಗುತ್ತಾ ಎಂದು ಕೊನೆಯಲ್ಲಿ ಕೇಳಿದ್ದೀರಿ. ಆಗುವುದಿಲ್ಲ. ಅದರಲ್ಲಿ ಎಣ್ಣೆ ಮತ್ತು ಸೋಪೇ ಜಾಸ್ತಿ. ಇರುವ ಹಾಳೆಗಳೂ ದೊಡ್ಡವು, ದಪ್ಪ. ಅಂಚು ಕಡಿಮೆ. ಅದು ಬೇರಿಂಗಿನಲ್ಲೇ ಇರಲಿ.

ಕೆಲಸ ಮಾಡುವುದು ಅಂಚು ಮಾತ್ರ ಎಂದಾದರೆ ಅಗಲವಾದ ತೆಳು ಹಾಳೆ ಯಾಕೆ ಬೇಕು? ಪುಟ್ಟ ಕಾಳುಗಳೇ ಸಾಕಲ್ಲ? ‘ಎರಡು ಆಯಾಮ’ ಎಂಬುದಕ್ಕೆ ಇಷ್ಟು ಗದ್ದಲ ಯಾಕೆ?
— ಹೈಸ್ಕೂಲ್ ಶಿಕ್ಷಕರು, ಶಿರಸಿ

ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. 2004ರಲ್ಲಿ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅಂಟುಟೇಪಿನಿಂದ ಗ್ರಾಫೀನ್, ಅಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ, ಕಿತ್ತರು. 2010ರಲ್ಲಿ ಅದಕ್ಕೆ ನೊಬೆಲ್ ಬಂತು. ಆಮೇಲೆ ‘ಎರಡು ಆಯಾಮ’ ಎಂದು ಹೆಸರಿಟ್ಟರೆ ಲೇಖನಕ್ಕೆ ಮರ್ಯಾದೆ ಜಾಸ್ತಿ ಎಂಬ ಗಾಳಿ ಬೀಸಿತು. ಸ್ವಲ್ಪ ಗದ್ದಲ ಬರೀ ಗದ್ದಲವೇ.

ಆದರೂ ಹಾಳೆಗೆ ತನ್ನದೇ ಲಾಭವಿದೆ. ಗುಂಡಗಿನ ಕಾಳು ಇನ್ನೊಂದು ಕಣವನ್ನು ಒಂದು ಚುಕ್ಕೆಯಲ್ಲಿ ಮುಟ್ಟುತ್ತದೆ. ಹಾಳೆ ಮೈತುಂಬ ಒರಗಿ ಮುಟ್ಟುತ್ತದೆ. ಬೆಳಕು ಹೀರುವ ವಸ್ತುವೂ ಹಾಳೆಯಾಗಿದ್ದರೆ ಇನ್ನೂ ಚೆನ್ನ. ಮುಖಕ್ಕೆ ಮುಖ ಕೊಟ್ಟು ಕೂರುತ್ತವೆ. ಎಲೆಕ್ಟ್ರಾನ್ ಎಲ್ಲೇ ಹುಟ್ಟಲಿ, ದಾಟುವ ಜಾಗ ಹತ್ತಿರದಲ್ಲೇ ಸಿಗುತ್ತದೆ. ಮೇಲೆ ಹೇಳಿದ ನ್ಯಾನೋಸೆಕೆಂಡಿನ ಓಟದಲ್ಲಿ ಈ ಹತ್ತಿರವೇ ಗೆಲ್ಲಿಸುವುದು. ತೆಳ್ಳಗಿರುವುದರಿಂದ ಕೆಳಗಿನ ವಸ್ತುವಿಗೆ ಬೀಳುವ ಬೆಳಕನ್ನೂ ಅಷ್ಟಾಗಿ ತಡೆಯುವುದಿಲ್ಲ.

ಇಲ್ಲೇ ಒಂದು ಇಕ್ಕಟ್ಟಿದೆ. ಮಾಲಿಬ್ಡಿನಂ ಡೈಸಲ್ಫೈಡ್ ಹಾಳೆ ಮಲಗಿದರೆ ಸಂಪರ್ಕ ಚೆನ್ನ, ಆದರೆ ನೀರಿಗೆ ಕಾಣುವುದು ಜಡವಾದ ಮುಖ. ಎದ್ದು ನಿಂತರೆ ಅಂಚು ನೀರಿಗೆ ಸಿಗುತ್ತದೆ, ಸಂಪರ್ಕ ಕಡಿಮೆ. ಎಲೆಕ್ಟ್ರಾನಿಗೆ ಹಾಳೆಯೊಳಗೆ ಓಡುವುದು ಸುಲಭ, ಒಂದು ಹಾಳೆಯಿಂದ ಮೇಲಿನ ಹಾಳೆಗೆ ಹಾರುವುದು ಕಷ್ಟ. ಹಾಗಾಗಿ ದಪ್ಪ ಕಟ್ಟಾದರೂ ನಷ್ಟ. ಈ ಕ್ಷೇತ್ರದ ಅರ್ಧ ಸಂಶೋಧನೆ ಈ ಇಕ್ಕಟ್ಟನ್ನು ಬಿಡಿಸುವುದೇ. ಹಾಳೆಯನ್ನು ಚೂರು ಮಾಡಿ ಅಂಚು ಹೆಚ್ಚಿಸುತ್ತಾರೆ. ಮುಖದಿಂದ ಅಲ್ಲೊಂದು ಇಲ್ಲೊಂದು ಗಂಧಕ ಕಿತ್ತು, ಆ ಗುಂಡಿಗಳಿಂದ ಕೆಲಸ ಮಾಡಿಸುತ್ತಾರೆ.

ಇನ್ನೊಂದು ದಾರಿ ಪರಮಾಣುಗಳ ಜೋಡಣೆಯನ್ನೇ ಬದಲಿಸುವುದು. ಗಣಿಯಲ್ಲಿ ಸಿಗುವ ರೂಪಕ್ಕೆ 2ಎಚ್ ಎನ್ನುತ್ತಾರೆ. ಅದು ಅರೆವಾಹಕ. ಹಾಳೆಗಳ ನಡುವೆ ಲಿಥಿಯಂ ತೂರಿಸಿ, ಆಮೇಲೆ ನೀರಿಗೆ ಹಾಕಿ ಬಿಡಿಸಿದರೆ 1ಟಿ ಎಂಬ ರೂಪ ಬರುತ್ತದೆ. ಅದು ಲೋಹದಂತೆ ವಿದ್ಯುತ್ ಹರಿಸುತ್ತದೆ. ಅಂಚಷ್ಟೇ ಅಲ್ಲ, ಮುಖವೂ ಕೆಲಸಕ್ಕೆ ಬರುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ತಂಡ 2013ರಲ್ಲಿ ಇದನ್ನು ಬೆಳಕಿನಲ್ಲಿ ತೋರಿಸಿತು. ಒಂಟಿ ಹಾಳೆಯ 1ಟಿ ರೂಪ ಒಂದು. ನೈಟ್ರೋಜನ್ ಹೇರಿದ ಗ್ರಾಫೀನ್ ಜೊತೆ ಕೂಡಿಸಿದ 2ಎಚ್ ರೂಪ ಇನ್ನೊಂದು. ಎರಡೂ ಒಳ್ಳೆಯ ಪ್ರಮಾಣದಲ್ಲಿ ಹೈಡ್ರೋಜನ್ ಕೊಟ್ಟವು. 1ಟಿಯ ಕೊರತೆ ಅದರ ಚಂಚಲತೆ. ಬಿಸಿ ಮಾಡಿದರೆ ಮತ್ತೆ 2ಎಚ್ ಆಗಿಬಿಡುತ್ತದೆ.

ನನ್ನ ತಕರಾರು ಏನೆಂದರೆ, ‘ಎರಡು ಆಯಾಮ’ ಎಂಬುದು ಆಕಾರದ ಹೆಸರು. ಕೆಲಸದ ಹೆಸರಲ್ಲ. ಗ್ರಾಫೀನ್ ಎಲೆಕ್ಟ್ರಾನಿಗೆ ದಾರಿ ಮಾಡಿಕೊಡುತ್ತದೆ, ಹೈಡ್ರೋಜನ್ ಕೂಡುವ ಜಾಗ ಅದರಲ್ಲಿ ಹೆಚ್ಚಿಲ್ಲ. ಮಾಲಿಬ್ಡಿನಂ ಡೈಸಲ್ಫೈಡ್ ಜಾಗ ಕೊಡುತ್ತದೆ, ದಾರಿ ಅಷ್ಟು ಸಲೀಸಲ್ಲ. ಅದಕ್ಕೇ ಜಕ್ಕೂರಿನವರಂತೆ ಇವೆರಡನ್ನು ಜೋಡಿಸುವುದು. ನಿಕಲ್, ಕೋಬಾಲ್ಟ್‌ಗಳ ಹಾಳೆ ಹಾಳೆ ಹೈಡ್ರಾಕ್ಸೈಡುಗಳು ಇನ್ನೊಂದು ಬದಿಯಲ್ಲಿ, ಆಕ್ಸಿಜನ್ ಹುಟ್ಟುವ ಕಡೆ, ದುಡಿಯುತ್ತವೆ. ಇವನ್ನೆಲ್ಲ ಒಂದೇ ಗುಂಪಿಗೆ ಹಾಕಿ ಹೊಗಳುವ ಲೇಖನ ಕಂಡರೆ ನಾನು ಪುಟ ತಿರುಗಿಸುತ್ತೇನೆ.

ಒಂದು ತಮಾಷೆ ಕೇಳಿ. 2011ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಮ್ಯಾಕ್ಸೀನ್ ಎಂಬ ಹೊಸ ಹಾಳೆಗಳು ಹುಟ್ಟಿದವು. ಮೊದಲನೆಯದು ಟೈಟಾನಿಯಂ ಕಾರ್ಬೈಡ್. 2017ರಲ್ಲಿ ಆಸ್ಟ್ರೇಲಿಯಾದ ಅಡಿಲೇಡಿನ ತಂಡ ಅದನ್ನು ಕ್ಯಾಡ್ಮಿಯಂ ಸಲ್ಫೈಡಿಗೆ ಕೋ-ಕೆಟಲಿಸ್ಟ್ ಆಗಿ ಕೂಡಿಸಿ ಹೆಸರು ಮಾಡಿತು. ಅವರು ಬಳಸಿದ್ದು ಹಾಳೆಯನ್ನಲ್ಲ. ಅದನ್ನು ಒಡೆದು ಮಾಡಿದ ನ್ಯಾನೋಕಣಗಳನ್ನು. ಅಂದರೆ ನಿಮ್ಮ ‘ಪುಟ್ಟ ಕಾಳುಗಳೇ ಸಾಕಲ್ಲ’ ಎಂಬ ಮಾತು ಅಲ್ಲಿ ನಿಜವಾಯಿತು.

ಕೋ-ಕೆಟಲಿಸ್ಟ್ ಸ್ವಲ್ಪ ಹಾಕಿದಾಗ ಹೈಡ್ರೋಜನ್ ಏರುತ್ತದೆ. ಇನ್ನಷ್ಟು ಹಾಕಿದರೆ ಇಳಿಯುತ್ತದೆ. ಯಾಕೆ? ಪ್ರಬಂಧಗಳಲ್ಲಿ ನೋಡಿದ ಸಂಖ್ಯೆಗಳು ನನ್ನ ಸಂಖ್ಯೆಗಿಂತ ಎಷ್ಟೋ ಪಟ್ಟು ಜಾಸ್ತಿ ಇವೆ. ಬೇಸರವಾಗುತ್ತದೆ.
— ಪಿಎಚ್‌ಡಿ ವಿದ್ಯಾರ್ಥಿ, ಮೈಸೂರು

ಮೊದಲನೆಯದಕ್ಕೆ ಉತ್ತರ ನಿಮ್ಮ ಪುಡಿಯ ಬಣ್ಣದಲ್ಲೇ ಇದೆ. ಕ್ಯಾಡ್ಮಿಯಂ ಸಲ್ಫೈಡಿನ ಹಳದಿ ಹೋಗಿ ಕಪ್ಪು ಹಸಿರಾಗಿರಬೇಕು, ಅಲ್ವಾ? ಆ ಕಪ್ಪು ಬೆಳಕನ್ನು ನುಂಗುತ್ತಿದೆ. ನುಂಗಿದ ಬೆಳಕು ಕೆಲಸಕ್ಕೆ ಬರುವುದಿಲ್ಲ. ಜೊತೆಗೆ ಹಾಳೆಗಳು ಒಂದರ ಮೇಲೊಂದು ಕೂತು ಅಂಚು ಮುಚ್ಚಿಕೊಳ್ಳುತ್ತವೆ. ಏರಿ ಇಳಿಯುವ ರೇಖೆ ಬಂದಿದ್ದರೆ ನಿಮ್ಮ ಪ್ರಯೋಗ ಸರಿಯಿದೆ ಎಂದೇ ಅರ್ಥ.

ಎರಡನೆಯದಕ್ಕೆ ಬೇಸರ ಬೇಡ. ‘ಒಂದು ಗ್ರಾಂಗೆ ಗಂಟೆಗೆ ಇಷ್ಟು ಮೈಕ್ರೋಮೋಲ್’ ಎಂಬ ಲೆಕ್ಕ ಒಂದು ಲ್ಯಾಬಿನಿಂದ ಇನ್ನೊಂದಕ್ಕೆ ಹೋಲಿಸಲು ಬರುವುದಿಲ್ಲ. ಪುಡಿ ಕಡಿಮೆ ಹಾಕಿ ದೀಪ ಜೋರು ಮಾಡಿದರೆ ಆ ಸಂಖ್ಯೆ ತಾನೇ ಏರುತ್ತದೆ. ಪುಡಿ ಎರಡು ಪಟ್ಟು ಹಾಕಿದರೆ ಹೈಡ್ರೋಜನ್ ಎರಡು ಪಟ್ಟು ಆಗುವುದಿಲ್ಲ, ಯಾಕೆಂದರೆ ಬೆಳಕು ಅಷ್ಟೇ ಇದೆ. ಯಾವ ತರಂಗಾಂತರದಲ್ಲಿ ಎಷ್ಟು ಫೋಟಾನ್ ಬಿತ್ತು, ಎಷ್ಟು ಎಲೆಕ್ಟ್ರಾನ್ ಹೈಡ್ರೋಜನ್ ಆಯಿತು ಎಂಬ ಕ್ವಾಂಟಂ ಲೆಕ್ಕ ಕೊಡಿ. ಅದನ್ನು ಹೋಲಿಸಬಹುದು.

ಆಗ ಮುಂದಕ್ಕೆ ಹಾಕಿದ ಲ್ಯಾಕ್ಟಿಕ್ ಆಸಿಡ್ ವಿಷಯ ಇಲ್ಲಿದೆ. ಅದೂ ಮೆಥನಾಲ್, ಟ್ರೈಎಥನೊಲಮೈನ್‌ಗಳೂ ರಂಧ್ರಗಳಿಗೆ ಹಾಕುವ ಬಲಿ. ರಂಧ್ರ ಅವನ್ನು ಸುಲಭವಾಗಿ ತಿನ್ನುತ್ತದೆ, ಎಲೆಕ್ಟ್ರಾನ್ ನಿರಾಳವಾಗುತ್ತದೆ. ಹೈಡ್ರೋಜನ್ ಧಾರಾಳ ಬರುತ್ತದೆ. ಆದರೆ ಇದು ನೀರು ಒಡೆದಂತಲ್ಲ. ಅರ್ಧ ಕ್ರಿಯೆ ಮಾತ್ರ. ಕಷ್ಟದ ಅರ್ಧ, ಅಂದರೆ ಆಕ್ಸಿಜನ್ ಬಿಡಿಸುವ ಭಾಗ, ನಡೆದೇ ಇಲ್ಲ. ಕೋ-ಕೆಟಲಿಸ್ಟ್ ಹೋಲಿಸಿ ನೋಡಲು ಇದು ಒಪ್ಪುವ ವಿಧಾನ. ತಲೆಬರಹದಲ್ಲಿ ‘ನೀರಿನ ವಿಭಜನೆ’ ಎಂದು ಬರೆಯುವುದು ಒಪ್ಪುವಂಥದ್ದಲ್ಲ.

ವೈವಾದಲ್ಲಿ ನಾನಿದ್ದರೆ ಇಷ್ಟು ಕೇಳುತ್ತಿದ್ದೆ: ಎರಡು ಪುಡಿಗಳನ್ನು ಒಂದರ ಮೇಲೊಂದು ಬೆಳೆಸದೆ ಬರೀ ಕಲಸಿ ನೋಡಿದ್ದೀಯಾ? ಅದೇ ಪುಡಿ ಮರುದಿನವೂ ಅಷ್ಟೇ ಕೊಟ್ಟಿತಾ? ಸಂಪರ್ಕವೇ ಮುಖ್ಯ ಎನ್ನುವವರು ಕಲಸಿದ್ದಕ್ಕೂ ಬೆಳೆಸಿದ್ದಕ್ಕೂ ವ್ಯತ್ಯಾಸ ತೋರಿಸಲೇಬೇಕು.

ಈ ಪುಡಿಗಳು ಬಣ್ಣದ ನೀರನ್ನು ಬಿಸಿಲಿನಲ್ಲಿ ತಿಳಿ ಮಾಡುತ್ತವಂತೆ. ನಮ್ಮ ನೂಲಿನ ಬಣ್ಣದ ನೀರಿಗೆ ತರಿಸಬಹುದೇ?
— ನೂಲಿಗೆ ಬಣ್ಣ ಹಾಕುವವರು, ಇಳಕಲ್

ಈಗಲೇ ದುಡ್ಡು ಹಾಕಬೇಡಿ. ಲ್ಯಾಬಿನಲ್ಲಿ ನೀಲಿ ನೀರು ತಿಳಿಯಾಗುವ ಚಿತ್ರ ಚೆಂದ ಕಾಣುತ್ತದೆ. ಆದರೆ ಗ್ರಾಫೀನ್ ಥರದ ಹಾಳೆಗಳು ಬಣ್ಣವನ್ನು ಕತ್ತಲೆಯಲ್ಲೂ ಮೈಗೆ ಅಂಟಿಸಿಕೊಳ್ಳುತ್ತವೆ. ಅದು ನಾಶವಲ್ಲ, ಜಾಗ ಬದಲಾವಣೆ. ಮೆಥಿಲಿನ್ ಬ್ಲೂ ಎಂಬ ಬಣ್ಣದ ಮೇಲೆ ಪರೀಕ್ಷೆ ಮಾಡುವ ಚಟ ಬಹಳ ಜನರಿಗಿದೆ. ಆ ಬಣ್ಣ ತಾನೇ ಬೆಳಕು ಹೀರುವುದರಿಂದ, ಪುಡಿಯ ಸಾಮರ್ಥ್ಯ ಎಷ್ಟು, ಬಣ್ಣದ್ದೇ ಆಟ ಎಷ್ಟು ಎಂದು ಬಿಡಿಸುವುದು ಕಷ್ಟ. ಇನ್ನು ಬಣ್ಣ ಮಾಯವಾದರೂ ಒಡೆದ ಚೂರುಗಳು ನೀರಿನಲ್ಲೇ ಇರಬಹುದು. ನೀವು ಹಾಕಿದ ಉಪ್ಪಂತೂ ಎಲ್ಲಿಗೂ ಹೋಗುವುದಿಲ್ಲ. ಕ್ಯಾಡ್ಮಿಯಂ ಇರುವ ಪುಡಿಯನ್ನು ಯಾರಾದರೂ ಮಾರಲು ಬಂದರೆ ಬಾಗಿಲಿಂದಲೇ ಕಳಿಸಿ. ಅದು ವಿಷ.

ನಮ್ಮ ತಾರಸಿಯ ಮೇಲೆ ಇದು ಯಾವಾಗ ಬರುತ್ತದೆ? ಗ್ಯಾಸ್ ಸಿಲಿಂಡರ್ ಉಳಿಯುತ್ತಾ?
— ಗೃಹಿಣಿ, ಬೆಂಗಳೂರು

ಲೆಕ್ಕ ಹಾಕೋಣ. ಅಡುಗೆಯ 14.2 ಕೆಜಿ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್ ಶಕ್ತಿ ಇದೆ. ತಾರಸಿಯಲ್ಲಿ 10 ಚದರ ಮೀಟರ್ ಜಾಗ, ದಿನಕ್ಕೆ ಚದರ ಮೀಟರಿಗೆ 5 ಯೂನಿಟ್ ಬಿಸಿಲು ಎಂದಿಟ್ಟುಕೊಳ್ಳಿ. ಒಟ್ಟು 50. ಅದರಲ್ಲಿ ಶೇಕಡಾ 1 ಹೈಡ್ರೋಜನ್ ಆದರೆ ದಿನಕ್ಕೆ ಅರ್ಧ ಯೂನಿಟ್. ಒಂದು ಸಿಲಿಂಡರಿನಷ್ಟು ಶಕ್ತಿಗೆ ಒಂದು ವರ್ಷ ಕಾಯಬೇಕು!

ಆ ಶೇಕಡಾ 1 ಕೂಡ ಸುಲಭದ್ದಲ್ಲ. ಜಪಾನಿನಲ್ಲಿ ಕಜುನಾರಿ ಡೊಮೆನ್ ತಂಡ 100 ಚದರ ಮೀಟರಿನಷ್ಟು ಫಲಕಗಳನ್ನು ಬಯಲಿನಲ್ಲಿ ಹಾಕಿ ತಿಂಗಳುಗಟ್ಟಲೆ ನಡೆಸಿತು. 2021ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಗರಿಷ್ಠ ದಕ್ಷತೆ ಶೇಕಡಾ 0.76. ಅಲ್ಲಿದ್ದ ಕೋ-ಕೆಟಲಿಸ್ಟುಗಳು ರೋಡಿಯಂ, ಕ್ರೋಮಿಯಂ, ಕೋಬಾಲ್ಟ್. ಎರಡು ಆಯಾಮದ ಹಾಳೆ ಯಾವುದೂ ಅಲ್ಲ. ಕ್ರೋಮಿಯಂ ಆಕ್ಸೈಡ್ ರೋಡಿಯಂ ಮೇಲೆ ಹೊದಿಕೆಯಾಗಿ ಕೂತು, ಹೈಡ್ರೋಜನ್ ಮತ್ತು ಆಕ್ಸಿಜನ್ ಮತ್ತೆ ನೀರಾಗದಂತೆ ತಡೆಯುತ್ತಿತ್ತು. ಅದೇ ತಂಡ 2020ರಲ್ಲಿ ಇದೇ ಬಗೆಯ ವಸ್ತುವಿನಲ್ಲಿ, ನೇರಳಾತೀತ ಬೆಳಕಿನಲ್ಲಿ, ಹೆಚ್ಚುಕಡಿಮೆ ಪ್ರತಿ ಫೋಟಾನನ್ನೂ ಕೆಲಸಕ್ಕೆ ಹಚ್ಚಿ ತೋರಿಸಿತ್ತು. ಕೋ-ಕೆಟಲಿಸ್ಟ್ ಎಂಬ ಕೌಂಟರ್ ಎಲ್ಲಿರಬೇಕೋ ಅಲ್ಲೇ ಕೂರಿಸಿದರೆ ಏನಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಎಲೆಕ್ಟ್ರಾನ್ ಬರುವ ಮುಖದ ಮೇಲೆ ಒಂದು, ರಂಧ್ರ ಬರುವ ಮುಖದ ಮೇಲೆ ಇನ್ನೊಂದು. ಆದರೆ ಬಿಸಿಲಿನಲ್ಲಿ ನೇರಳಾತೀತದ ಪಾಲು ತೀರಾ ಸಣ್ಣದು. ಬಯಲಿಗೆ ಬಂದಾಗ 0.76ಕ್ಕೆ ನಿಂತದ್ದು ಅದಕ್ಕೇ.

ತಾರಸಿಗೆ ಇನ್ನೊಂದು ಕಂಟಕವಿದೆ. ಪುಡಿಯಿಂದ ಹೈಡ್ರೋಜನ್ ಮತ್ತು ಆಕ್ಸಿಜನ್ ಬೆರೆತೇ ಹೊರಬರುತ್ತವೆ. ಕಿಡಿ ತಾಗಿದರೆ ಸಿಡಿಯುವ ಮಿಶ್ರಣ ಅದು. ಜಪಾನಿನವರು ಪೊರೆಗಳ ಮೂಲಕ ಹಾಯಿಸಿ ಬೇರ್ಪಡಿಸಿದರು. ನಿಮ್ಮ ಒಗೆದ ಬಟ್ಟೆ ಪಕ್ಕದಲ್ಲಿ ಅದು ಬೇಡ. ಸದ್ಯಕ್ಕೆ ಸೋಲಾರ್ ಪ್ಯಾನೆಲ್ ಹಾಕಿಸಿ, ವಿದ್ಯುತ್ ಒಲೆಯಲ್ಲಿ ಅಡುಗೆ ಮಾಡಿ. ಅದೇ 10 ಚದರ ಮೀಟರಿನಿಂದ ದಿನಕ್ಕೆ 8 ಯೂನಿಟಿನಷ್ಟು ಸಿಗಬಹುದು.

ಎಂಎಸ್ಸಿ ಪ್ರಾಜೆಕ್ಟಿಗೆ ಮ್ಯಾಕ್ಸೀನ್ ಮಾಡಬೇಕೆಂದಿದ್ದೇನೆ. ಹೈಡ್ರೋಫ್ಲೋರಿಕ್ ಆಸಿಡ್ ಎಲ್ಲಿ ಸಿಗುತ್ತದೆ?
— ವಿದ್ಯಾರ್ಥಿ, ಮಂಗಳೂರು

ಎಲ್ಲಿ ಸಿಗುತ್ತದೆ ಎಂದು ಹೇಳುವುದಿಲ್ಲ. ಮ್ಯಾಕ್ಸೀನ್ ಹಾಳೆ ಬಿಡಿಸಲು ಮೂಲ ವಸ್ತುವಿನ ನಡುನಡುವೆ ಇರುವ ಅಲ್ಯೂಮಿನಿಯಂ ಪದರವನ್ನು ಕರಗಿಸಬೇಕು, ಅದಕ್ಕೆ ಆ ಆಸಿಡ್ ಬೇಕು ಎಂಬುದು ಸರಿ. ಆದರೆ ಅದು ಚರ್ಮದ ಮೂಲಕ ಒಳಗಿಳಿದು ಮೈಯಲ್ಲಿರುವ ಕ್ಯಾಲ್ಸಿಯಂ ಹಿಡಿಯುತ್ತದೆ. ಮೊದಲು ಉರಿ ಗೊತ್ತಾಗದೆಯೂ ಇರಬಹುದು. ಹೃದಯದ ಲಯವೇ ತಪ್ಪಬಹುದು. ಲಿಥಿಯಂ ಫ್ಲೋರೈಡಿಗೆ ಹೈಡ್ರೋಕ್ಲೋರಿಕ್ ಆಸಿಡ್ ಬೆರೆಸುವ ‘ಸೌಮ್ಯ’ ವಿಧಾನದಲ್ಲೂ ಹುಟ್ಟುವುದು ಅದೇ ಆಸಿಡ್. ಆ ಆಸಿಡ್ ತಾಗಿದಾಗ ಹಚ್ಚುವ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ನಿಮ್ಮ ವಿಭಾಗದಲ್ಲಿ ಇದೆಯಾ? ಅದನ್ನು ಬಳಸಿ ಗೊತ್ತಿರುವವರು ಪಕ್ಕದಲ್ಲಿ ಇರುತ್ತಾರಾ? ಇಲ್ಲ ಎಂದಾದರೆ ಮಾತು ಮುಗಿಯಿತು. ಅಷ್ಟು ಕಷ್ಟಪಟ್ಟು ಮಾಡಿದ ಮ್ಯಾಕ್ಸೀನ್ ನೀರಿನಲ್ಲಿಟ್ಟರೆ ನಿಧಾನವಾಗಿ ಟೈಟಾನಿಯಂ ಡೈಆಕ್ಸೈಡ್ ಆಗಿಬಿಡುತ್ತದೆ ಎಂಬುದೂ ಗೊತ್ತಿರಲಿ.

ಹಾಳೆಯೇ ಬೇಕಿದ್ದರೆ ಕಾರ್ಬನ್ ನೈಟ್ರೈಡ್ ಮಾಡಿ. ಅದು ಕೋ-ಕೆಟಲಿಸ್ಟ್ ಅಲ್ಲ, ಬೆಳಕು ಹೀರುವ ವಸ್ತು. 2009ರಲ್ಲಿ ವಾಂಗ್ ಶಿನ್‌ಚೆನ್, ಮಾರ್ಕುಸ್ ಆಂಟೊನಿಯೆಟ್ಟಿ ಮತ್ತಿತರರು ಅದರಿಂದ ಕಣ್ಣಿಗೆ ಕಾಣುವ ಬೆಳಕಿನಲ್ಲೇ ಹೈಡ್ರೋಜನ್ ತೆಗೆದು ತೋರಿಸಿದರು. ಯೂರಿಯಾ ಅಥವಾ ಮೆಲಮೈನನ್ನು ಮುಚ್ಚಳದ ಕ್ರೂಸಿಬಲ್‌ನಲ್ಲಿ ಹಾಕಿ. ಮಫಲ್ ಕುಲುಮೆಯಲ್ಲಿ 550 ಡಿಗ್ರಿಗೆ ಕೆಲವು ಗಂಟೆ ಬಿಡಿ. ಅಮೋನಿಯ ಬರುವುದರಿಂದ ಹೊಗೆ ಹೊರಹೋಗುವ ವ್ಯವಸ್ಥೆ ಇರಲಿ. ತಿಳಿ ಹಳದಿ ಪುಡಿ ಸಿಗುತ್ತದೆ. ಅದರ ಮೇಲೆ ಸ್ವಲ್ಪ ಮಾಲಿಬ್ಡಿನಂ ಡೈಸಲ್ಫೈಡ್ ಬೆಳೆಸಿ, ಇನ್ನೊಂದು ಪಾಲಿಗೆ ಬರೀ ಕಲಸಿ, ಎರಡನ್ನೂ ಹೋಲಿಸಿ. ಫಲಿತಾಂಶ ಏನೇ ಬರಲಿ, ನನಗೆ ಬರೆದು ಕಳಿಸಿ.